ಡೌನ್‌ಲೋಡ್ ವೇಳೆ ಜಾಗದ ಕೊರತೆ

ಬ್ರೌಸರ್‌ನಲ್ಲಿ ಕಡತ ಇಳಿಸುವಾಗ ಡಿಸ್ಕ್ ತುಂಬಿ ಕೆಲಸ ಅರ್ಧಕ್ಕೆ ನಿಲ್ಲುವ ಸ್ಥಿತಿ. ಇಳಿದಷ್ಟನ್ನು ಕ್ರೋಮ್ ‘ಸಿಆರ್‌ಡೌನ್‌ಲೋಡ್’, ಫೈರ್‌ಫಾಕ್ಸ್ ‘ಪಾರ್ಟ್’ ಎಂಬ ಬಾಲದ ಕಡತದಲ್ಲಿ ಇಡುತ್ತವೆ. ಅದನ್ನು ಅವಸರದಲ್ಲಿ ಅಳಿಸಬಾರದು. ಬೇರೆ ಕಡತ ತೆಗೆದು ಜಾಗ ಮಾಡಿಕೊಂಡರೆ, ಸರ್ವರ್ ಒಪ್ಪಿದಲ್ಲಿ, ನಿಂತಲ್ಲಿಂದಲೇ ಮುಂದುವರಿಸಬಹುದು. ರೀಸೈಕಲ್ ಬಿನ್‌ಗೆ ಹಾಕಿದ್ದು ಖಾಲಿ ಮಾಡುವವರೆಗೂ ಜಾಗ ಹಿಡಿದೇ ಇರುತ್ತದೆ. ಎಫ್‌ಎಟಿ32 ಪೆನ್‌ಡ್ರೈವ್‌ನಲ್ಲಿ ಜಾಗ ಎಷ್ಟೇ ಇದ್ದರೂ 4 ಜಿಬಿ ಮುಟ್ಟಿದ ಒಂದೇ ಕಡತ ಹಿಡಿಸದು.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯ ತೆಂಗು ಬೆಳೆಗಾರರು ಒಂದೇ ಪಹಣಿಯನ್ನು ಫೋನಿಗೆ ಮತ್ತೆ ಮತ್ತೆ ಇಳಿಸಿಕೊಂಡರೆ, ಹೆಸರಿನ ಕೊನೆಗೆ 1, 2 ಎಂಬ ಅಂಕಿ ಹೊತ್ತ ಪ್ರತಿಗಳು ಕೂಡುತ್ತವೆ. ಆದರೆ ಪಹಣಿ ಹಗುರ. ಜಾಗ ನುಂಗುವುದು ಹೆಚ್ಚಾಗಿ ವಾಟ್ಸ್‌ಆ್ಯಪ್ ವಿಡಿಯೊಗಳು. ಮೊದಲು ಅಳಿಸಬೇಕಾದದ್ದು ಅವನ್ನೇ, ಜಮೀನಿನ ದಾಖಲೆಯನ್ನಲ್ಲ.