ಬಿಯರ್ ಪಾಕದಲ್ಲಿ ಅಗ್ನಿಯ ಆಯ್ಕೆ

ಬಿಯರಿನ ಚರಿತ್ರೆಯನ್ನು ಬರೆದವರು ಧಾನ್ಯವನ್ನೂ ಹಾಪ್ಸ್ ಹೂವನ್ನೂ ಸುಂಕದ ಕಾಯಿದೆಗಳನ್ನೂ ಕುರಿತು ವಿಸ್ತಾರವಾಗಿ ವಿವೇಚಿಸಿದ್ದಾರೆ. ಒಲೆಯ ವಿಷಯವಾಗಿ ಹೇಳಿರುವುದು ಅಲ್ಪ. ಮನೆಯಲ್ಲಿ ಬಿಯರ್ ತಯಾರಿಸುವವರಿಗಾದರೋ ಯಾವ ಬೆಂಕಿಯನ್ನು ಆರಿಸಬೇಕೆಂಬುದು ಕಡೆಗಣಿಸಬಹುದಾದ ಪ್ರಶ್ನೆಯಾಗಿರಲಿಲ್ಲ.

1577ರಲ್ಲಿ ಪ್ರಕಟವಾಗಿ 1587ರಲ್ಲಿ ವಿಸ್ತೃತಗೊಂಡ ವಿಲಿಯಂ ಹ್ಯಾರಿಸನ್ ಪಾದ್ರಿಯ ಇಂಗ್ಲೆಂಡಿನ ವರ್ಣನೆ ಇದಕ್ಕೆ ಒಳ್ಳೆಯ ಸಾಕ್ಷ್ಯ. ತನ್ನ ಮಡದಿಯೂ ಮನೆಯ ಸೇವಕಿಯರೂ ಬಿಯರ್ ತಯಾರಿಸುತ್ತಿದ್ದ ಕ್ರಮವನ್ನು ಆತನು ವಿವರಿಸುತ್ತಾನೆ. ಹುಲ್ಲಿನ ಬೆಂಕಿಯಲ್ಲಿ ಒಣಗಿಸಿದ ಮಾಲ್ಟ್ ಅತ್ಯುತ್ತಮವೆಂದೂ, ಸೌದೆಯಲ್ಲಿ ಒಣಗಿಸಿದ್ದು ಅಭ್ಯಾಸವಿಲ್ಲದವರಿಗೆ ಹೊಗೆಯ ದೆಸೆಯಿಂದ ತಲೆಬಾಧೆಯನ್ನು ತರುವುದೆಂದೂ ಆತನ ಮತ. ಕಾಡು ಕ್ಷೀಣಿಸಿದಂತೆ ಕಲ್ಲಿದ್ದಲು ಅಗ್ಗವಾಯಿತು. ಆದರೆ ಅದರ ಗಂಧಕದ ಹೊಗೆ ಮಾಲ್ಟನ್ನು ಕೆಡಿಸುತ್ತಿತ್ತು. 1640ರ ದಶಕದ ಸುಮಾರಿಗೆ ಡರ್ಬಿಷೈರಿನಲ್ಲಿ ಕಲ್ಲಿದ್ದಲನ್ನು ಮೊದಲೇ ಸುಟ್ಟು, ಕೋಕ್ ಮಾಡಿ ಬಳಸತೊಡಗಿದ ಮೇಲೆ ಈ ತೊಡಕು ಕಳೆಯಿತು; ತಿಳಿಬಣ್ಣದ ಮಾಲ್ಟ್ ಸುಲಭಸಾಧ್ಯವಾಯಿತು.

ಇದೆಲ್ಲ ಒಣಗಿಸುವ ಬೆಂಕಿಯ ಮಾತು. ಕುದಿಸುವ ಬೆಂಕಿಯ ಹೊಗೆ ಪಾನೀಯವನ್ನು ಮುಟ್ಟುವುದಿಲ್ಲ. ಅಲ್ಲಿ ಪ್ರಶ್ನೆ ವಾಸನೆಯದಲ್ಲ, ಶಾಖದ ಪ್ರಮಾಣದ್ದು. ಹಾಪ್ಸಿನ ಕಹಿ ಇಳಿಯುವುದಕ್ಕೂ ಧಾನ್ಯದ ಪ್ರೋಟೀನು ಗರಣೆಗಟ್ಟಿ ಬೇರ್ಪಡುವುದಕ್ಕೂ ಮಾಲ್ಟಿನ ಕಷಾಯವು ಸುಮಾರು ಒಂದು ಗಂಟೆ ಕೊತಕೊತನೆ ಕುದಿಯಬೇಕು.

ಅಮೆರಿಕದಲ್ಲಿ 1920ರಿಂದ 1933ರ ವರೆಗೆ ಪಾನನಿರೋಧವಿದ್ದಿತು. ಅದು ರದ್ದಾದ ತರುವಾಯ ಮನೆಯಲ್ಲಿ ದ್ರಾಕ್ಷಾರಸದ ಮದ್ಯ ಮಾಡಿಕೊಳ್ಳಲು ಅನುಮತಿ ದೊರೆಯಿತೇ ಹೊರತು ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾಯಿದೆ ಈ ಕೊರತೆಯನ್ನು ನೀಗಿಸಿತು. ಗೃಹಬಿಯರಿನ ಪ್ರಸಾರಕ್ಕೆಲ್ಲ ಈ ಕಾಯಿದೆಯೇ ಕಾರಣವೆನ್ನುವುದು ರೂಢಿ. ಆದರೆ ಕಾಯಿದೆ ಅನುಮತಿಯನ್ನು ಕೊಟ್ಟೀತು, ಬೆಂಕಿಯನ್ನು ಕೊಡಲಾರದು. ಇಪ್ಪತ್ತೈದು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 100ಕ್ಕೆ ಏರಿಸಲು ಸುಮಾರು 8,400 ಕಿಲೋಜೂಲ್ ಶಾಖ ಬೇಕು. ಎರಡೂವರೆ ಕಿಲೋವಾಟಿನ ಅಡಿಗೆಮನೆಯ ಗ್ಯಾಸ್ ಒಲೆಗೆ, ಶಾಖವೇನೂ ಪೋಲಾಗದಿದ್ದರೂ, ಇದು ಐವತ್ತಾರು ನಿಮಿಷದ ಕೆಲಸ. ಅರ್ಧಕ್ಕಿಂತ ಹೆಚ್ಚು ಪೋಲಾಗುವುದರಿಂದ ಎರಡು ಗಂಟೆ ಮೀರುತ್ತದೆ. ಆದುದರಿಂದ ಅನೇಕರು ಗಟ್ಟಿ ಕಷಾಯವನ್ನು ಸ್ವಲ್ಪವಾಗಿ ಕುದಿಸಿ ಆಮೇಲೆ ನೀರು ಬೆರೆಸುತ್ತಿದ್ದರು. ಬಣ್ಣ ಕಪ್ಪಾಗುತ್ತಿತ್ತು, ಕಹಿ ಸಾಲದಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಪ್ರೊಪೇನ್ ಬರ್ನರ್. ಪೆಟ್ರೋಲಿನಿಂದ ಆವಿಯಾಗಿ ಹೋಗುತ್ತಿದ್ದ ಅನಿಲಗಳಲ್ಲಿ ಪ್ರೊಪೇನನ್ನು ವಾಲ್ಟರ್ ಸ್ನೆಲಿಂಗ್ 1910ರಲ್ಲಿ ಗುರುತಿಸಿದ್ದನು. ಬಯಲಿನಲ್ಲಿ ಸೀಗಡಿ ಬೇಯಿಸಲು, ಟರ್ಕಿಕೋಳಿ ಕರಿಯಲು ಬಳಸುತ್ತಿದ್ದ ಬರ್ನರುಗಳನ್ನೇ ಗೃಹಪಾಕಿಗಳು ಎರವಲು ಪಡೆದರು. ಹದಿನೈದು ಇಪ್ಪತ್ತು ಕಿಲೋವಾಟಿನ ಬರ್ನರ್ ಇದ್ದರೆ ಇಡೀ ಪಾಕ ಒಮ್ಮೆಗೇ ಕುದಿಯುತ್ತದೆ. ಆದರೆ ಅಂಕಿ ದೊಡ್ಡದಿದ್ದಷ್ಟೂ ಬರ್ನರ್ ಉತ್ತಮವೆಂಬ ನಂಬಿಕೆ ಸರಿಯಲ್ಲ. ಮಿತಿಮೀರಿದ ಜ್ವಾಲೆ ಪಾತ್ರೆಯ ಪಕ್ಕದಿಂದ ಮೇಲೇರಿ ವ್ಯರ್ಥವಾಗುತ್ತದೆ. ತಳದ ಸಕ್ಕರೆ ಸೀಯುತ್ತದೆ. ನೊರೆ ಉಕ್ಕಿ ಚೆಲ್ಲುತ್ತದೆ. ಜ್ವಾಲೆ ಹಳದಿಯಾದರೆ ಗಾಳಿ ಸಾಲದೆಂದರ್ಥ. ಪಾತ್ರೆಗೆ ಮಸಿ ಹಿಡಿಯುತ್ತದೆ. ಕಾಲುಗಳ ಭದ್ರತೆಯನ್ನು ಶಾಖಕ್ಕಿಂತ ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ, ಏಕೆಂದರೆ ಅವು ಹೊರುವುದು ಕುದಿಯುವ ಇಪ್ಪತ್ತೈದು ಕಿಲೋಗ್ರಾಮನ್ನು.

ಈ ಬೆಂಕಿಯಿಂದ ಪಾಕಶಾಲೆ ಅಂಗಳಕ್ಕೆ ಹೊರಟಿತು, ಹೊರಡಲೇಬೇಕಾಗಿತ್ತು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲಮಾಳಿಗೆಯಲ್ಲಿ ತಂಗುತ್ತದೆ. ಮುಚ್ಚಿದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡು ಪ್ರಾಣಾಪಾಯವಾಗುತ್ತದೆ. ಸೌದೆಯ ಹೊಗೆ ಕಣ್ಣಿಗೂ ಮೂಗಿಗೂ ತಿಳಿಯುತ್ತಿತ್ತು. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಶಾಖವೆಲ್ಲ ನೇರವಾಗಿ ಕಷಾಯಕ್ಕೇ ಸೇರುವ ವಿದ್ಯುತ್ ಪಾತ್ರೆಗಳು ಬಂದ ಮೇಲೆ ಕೆಲವರು ಮರಳಿ ಮನೆಯೊಳಗೆ ಬಂದಿದ್ದಾರೆ.