ಮರೆತು ಮತ್ತೆ ಕಲಿತ ಕ್ರೆಮೋನಾ

ಪಿಟೀಲು ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದವರು ನಾವು. ಆ ವಾದ್ಯದ ತವರೂರೋ ತನ್ನ ಅತಿ ದೊಡ್ಡ ಕುಶಲಿಯ ಎಲುಬನ್ನೂ ಉಳಿಸಿಕೊಳ್ಳಲಿಲ್ಲ. ಉತ್ತರ ಇಟಲಿಯಲ್ಲಿ, ಪೋ ನದಿಯ ದಡದಲ್ಲಿರುವ ಕ್ರೆಮೋನಾ ಆ ಊರು.

16ನೇ ಶತಮಾನದಲ್ಲಿ ಇಲ್ಲಿನ ಆಂದ್ರೆಯಾ ಅಮಾತಿ ಮಾಡಿದ ವಾದ್ಯಗಳು ಫ್ರಾನ್ಸಿನ ಅರಮನೆಯವರೆಗೆ ಹೋದವು. ವಿದ್ಯೆ ಮಾತ್ರ ಮನೆಯ ಹೊಸಿಲು ದಾಟಿರಲಿಲ್ಲ. 1630ರ ಪ್ಲೇಗಿನಲ್ಲಿ ತಂದೆಯನ್ನು ಕಳೆದುಕೊಂಡ ಮೊಮ್ಮಗ ನಿಕೊಲೊ, ಮುಂದೆ ಹೊರಗಿನ ಹುಡುಗರನ್ನೂ ಶಿಷ್ಯರಾಗಿ ಸೇರಿಸಿಕೊಂಡ. ಗ್ವಾರ್ನೆರಿ ಮನೆತನದ ಕಸುಬು ಶುರುವಾದದ್ದು ಹಾಗೆ. ಅದೇ ಪರಂಪರೆಯಲ್ಲಿ ಬೆಳಗಿದವನು ಆಂತೋನಿಯೊ ಸ್ಟ್ರಾಡಿವಾರಿ. ತೊಂಬತ್ತು ದಾಟಿದ ಮೇಲೂ ಉಳಿ ಕೆಳಗಿಡದ ಮನುಷ್ಯ, 1737ರಲ್ಲಿ ತೀರಿಕೊಂಡ. ಅವನ ಸಾವಿರಕ್ಕೂ ಮಿಕ್ಕಿದ ವಾದ್ಯಗಳಲ್ಲಿ ಸುಮಾರು 650 ಉಳಿದಿವೆ.

ಅವನ ವಾರ್ನಿಶ್ಶಿನ ಗುಟ್ಟಿನ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ನನಗೆ ಗುಟ್ಟಿಗಿಂತ ಕೆಲಸವೇ ಹೆಚ್ಚು ಬೆರಗು. ಮೇಪಲ್ ಮರದ ಪಟ್ಟಿಯನ್ನು ಒಂದು ಮಿಲಿಮೀಟರಿನಷ್ಟು ತೆಳ್ಳಗೆ ಹೆರೆದು, ಒದ್ದೆ ಮಾಡಿ, ಕಾದ ಕಬ್ಬಿಣಕ್ಕೆ ಒತ್ತಿ ಬಗ್ಗಿಸಿ, ಮರದ ಅಚ್ಚಿನ ಸುತ್ತ ಕೂರಿಸುತ್ತಾರೆ. ಮೇಲಿನ ಹಲಗೆ ಸ್ಪ್ರೂಸ್ ಮರದ್ದು. ಅದನ್ನು ಬೆರಳುದ್ದದ ಉಜ್ಜುಗೊರಡಿನಲ್ಲಿ ಸವರುತ್ತಾ, ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಕೊನೆಗೆ ಒಂದು ಪುಟ್ಟ ಕಡ್ಡಿಯನ್ನು ಅಂಟು ಹಾಕದೆ ಹೊಟ್ಟೆಯೊಳಗೆ, ತಂತಿಗಳನ್ನು ಹೊರುವ ಕುದುರೆಯ ಒಂದು ಕಾಲಿನ ಹತ್ತಿರ ನಿಲ್ಲಿಸುತ್ತಾರೆ. ಅದು ಕೂದಲೆಳೆಯಷ್ಟು ಸರಿದರೂ ನಾದ ಬೇರೆ. ಇಟಲಿಯವರು ಅದಕ್ಕೆ ಅನಿಮಾ, ಅಂದರೆ ಜೀವ, ಎನ್ನುತ್ತಾರೆ. ತಂಬೂರಿಯ ನೂಲೆಳೆಗೆ ಜೀವ ಎಂದು ಹೆಸರಿಟ್ಟ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬಲ್ಲ ಊರಿನಲ್ಲಿ ಕಸುಬು ಸೊರಗಲು ಒಂದು ತಲೆಮಾರು ಸಾಕಾಯಿತು. ಸ್ಟ್ರಾಡಿವಾರಿಯ ಅಚ್ಚು, ನಕ್ಷೆ, ಹತಾರಗಳನ್ನು ಅವನ ಮಗ ಪಾವೊಲೊ 1770ರ ದಶಕದಲ್ಲಿ ಕೌಂಟ್ ಕೊಜಿಯೊ ಎಂಬ ವಾದ್ಯಸಂಗ್ರಾಹಕನಿಗೆ ಮಾರಿದ. ಮಗ ಬಟ್ಟೆ ವ್ಯಾಪಾರಿ. ಅವನನ್ನು ದೂರಿ ಪ್ರಯೋಜನವಿಲ್ಲ. 1869ರಲ್ಲಿ, ಸ್ಟ್ರಾಡಿವಾರಿಯನ್ನು ಹೂಳಿದ್ದ ಸ್ಯಾನ್ ದೊಮೆನಿಕೊ ಚರ್ಚನ್ನೇ ಕೆಡವಿದರು. ಸಮಾಧಿಯ ಕಲ್ಲು ಉಳಿಯಿತು, ಎಲುಬು ಎಲ್ಲೋ ಹೋಯಿತು. ಅಲ್ಲೀಗ ಉದ್ಯಾನವಿದೆ.

ಹೋದ ಅಚ್ಚುಗಳು ತಿರುಗಿ ಬಂದದ್ದು ಊರಿನವರ ಪುಣ್ಯ. ಜುಸೆಪ್ಪೆ ಫಿಯೊರಿನಿ ಎಂಬ ವಾದ್ಯಕುಶಲಿ 1920ರಲ್ಲಿ ಅವನ್ನು ಕೊಂಡು, 1930ರಲ್ಲಿ ಕ್ರೆಮೋನಾಕ್ಕೆ ದಾನ ಕೊಟ್ಟ. 1938ರಲ್ಲಿ ಶಾಲೆ ತೆರೆಯಿತು, ದೂರದೇಶಗಳ ಹುಡುಗರೂ ಕಲಿಯಲು ಬಂದರು. ಇಂದು ಊರಲ್ಲಿ ನೂರಕ್ಕೂ ಹೆಚ್ಚು ಕಾರ್ಯಾಗಾರಗಳಿವೆ. 2012ರಲ್ಲಿ ಯುನೆಸ್ಕೊ ಮನ್ನಣೆಯೂ ಸಿಕ್ಕಿತು. ಅಪ್ಪನಿಂದ ಮಗನಿಗೆ ಬಂದ ಸರಪಳಿ ಇದಲ್ಲ, ಕಡಿದದ್ದನ್ನು ಕೂಡಿಸಿದ್ದು.

2019ರ ಜನವರಿಯಲ್ಲಿ ಇಲ್ಲಿನ ಪಿಟೀಲು ಸಂಗ್ರಹಾಲಯದಲ್ಲಿ ಹಳೆಯ ವಾದ್ಯಗಳ ಒಂದೊಂದು ಸ್ವರವನ್ನೂ ಧ್ವನಿಮುದ್ರಿಸಲಾಯಿತು. ಐದು ವಾರ ಸುತ್ತಲಿನ ಬೀದಿಗಳಿಗೆ ವಾಹನ ಬಿಡಲಿಲ್ಲ. ಗುಂಯ್ಗುಡುತ್ತವೆಂದು ಸಭಾಂಗಣದ ಬಲ್ಬುಗಳನ್ನು ಕಳಚಿದರು. ಸದ್ದು ಮಾಡಬೇಡಿ ಎಂದು ಮೇಯರ್ ಊರವರನ್ನು ಕೇಳಿಕೊಂಡರು. ಕಲ್ಲುಹಾಸಿನ ಮೇಲೆ ಹಿಮ್ಮಡಿ ಬೂಟಿನ ಟಕಟಕವೂ ಮೈಕಿಗೆ ಬೀಳುತ್ತಿತ್ತು.