ಮುಂಬೈಯ ಓಪಿಡಿಗಳು ತೆತ್ತ ಬೆಲೆ

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರ ಫೆಬ್ರವರಿ 28ರಂದು ಆರಂಭವಾಯಿತು. ಅದರ ಹೊರರೋಗಿ ವಿಭಾಗಕ್ಕೆ (ಓಪಿಡಿ) ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಊರು ಬಿಟ್ಟು ತಿಂಗಳುಗಟ್ಟಲೆ ಇಲ್ಲೇ ಉಳಿಯುವವರೂ ಉಂಟು. 2020ರ ಮಾರ್ಚ್‌ನಲ್ಲಿ ಕೊರೊನಾ ಈ ಏರ್ಪಾಡನ್ನೇ ಅಲುಗಾಡಿಸಿತು. ಲೋಕಲ್ ರೈಲುಗಳು ನಿಂತವು. ಜೂನ್ 15ರಂದು ಮತ್ತೆ ಓಡಿದಾಗಲೂ ಹತ್ತಲು ಅವಕಾಶವಿದ್ದುದು ಅಗತ್ಯ ಸೇವೆಯ ನೌಕರರಿಗಷ್ಟೇ. ಮುಂಬೈ ಹೊರವಲಯದ ಕಲ್ಯಾಣ, ವಿರಾರ್ ಕಡೆಯ ಬಡ ರೋಗಿಗೆ ಪರೇಲ್ ದೂರದ ಊರಾಯಿತು.

ಮುಂಬೈ ಸೆಂಟ್ರಲ್ ಬಳಿಯ ನಾಯರ್ ಆಸ್ಪತ್ರೆಯನ್ನು ಏಪ್ರಿಲ್‌ನಲ್ಲಿ ಕೋವಿಡ್‌ಗೆ ಮೀಸಲಿಟ್ಟಾಗ ಇತರ ಕಾಯಿಲೆಯವರು ಬೇರೆ ಬಾಗಿಲು ತಟ್ಟಬೇಕಾಯಿತು. ತಪಾಸಣಾ ಕೊಠಡಿಗಳಿಗೆ ಪಿಪಿಇ ಕಿಟ್, ಮಾಸ್ಕ್, ಸ್ಯಾನಿಟೈಸರ್ ಬೇಕಾದವು. ಅಂತರ ಕಾಯ್ದುದರಿಂದ ಒಂದು ದಿನಕ್ಕೆ ನೋಡಬಹುದಾದ ರೋಗಿಗಳ ಸಂಖ್ಯೆ ಇಳಿಯಿತು. ಮಾರ್ಚ್ 25ರಂದು ಬಂದ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನಿನಲ್ಲೇ ಸಲಹೆ ಕೊಡಲು ದಾರಿಮಾಡಿತು. ಆದರೆ ಗಡ್ಡೆಯನ್ನು ಕೈಯಿಂದ ಮುಟ್ಟಿ ನೋಡುವುದಕ್ಕೆ ಫೋನು ಸಾಟಿಯಲ್ಲ.

ಕಿಟ್, ಮಾಸ್ಕ್‌ಗಳಿಗೆ ತಗುಲಿದ ಹಣದ ಲೆಕ್ಕಕ್ಕಿಂತ ದೊಡ್ಡದು ತಪ್ಪಿಹೋದ ಭೇಟಿಗಳ ಲೆಕ್ಕ. ಟಾಟಾ ಮೆಮೋರಿಯಲ್ ವೈದ್ಯರ ಮುಂದಾಳತ್ವದಲ್ಲಿ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ 41 ಕೇಂದ್ರಗಳ ಅಧ್ಯಯನ ನಡೆಯಿತು. 2019ರ ಮಾರ್ಚ್–ಮೇ ಅವಧಿಯಲ್ಲಿ 1,12,270 ಇದ್ದ ಹೊಸ ನೋಂದಣಿ 2020ರ ಅದೇ ಅವಧಿಯಲ್ಲಿ 51,760ಕ್ಕೆ ಕುಸಿದಿತ್ತು, ಮರುಭೇಟಿಗಳು ಶೇ. 46, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ. 49ರಷ್ಟು ಇಳಿದಿದ್ದವು. ನೋಂದಣಿಗೇ ಬಾರದವರಲ್ಲಿ ಹಲವರ ರೋಗ ಮನೆಯಲ್ಲೇ ಬಲಿತಿರಬಹುದೆಂಬುದು ನಿಜಕ್ಕೂ ನೋವಿನ ಸಂಗತಿ.